ಅಪ್ಪ ಗದ್ದೆಗೆ ನೀರು ಕಟ್ಟುವ ಕನಸು

ನಮ್ಮ ಮಂಡ್ಯ ಕಡೆ ಯಾರಾದರೂ ಬೆಳಗ್ಗೆ ಎದ್ದು "ಕನಸು ಬಿತ್ತು" ಅಂದರೆ ಎದುರಿಗಿದ್ದವರು ಮೊದಲು ಕೇಳುವುದು ಎರಡೇ ಮಾತು. ಏನು ಕಂಡೆ? ಎಷ್ಟೊತ್ತಿಗೆ ಬಿತ್ತು? ಆಮೇಲೆ ಫಲ ಹೇಳುತ್ತಾರೆ. ಹಲ್ಲು ಉದುರಿದರೆ ನೆಂಟರಲ್ಲಿ ಸಾವು. ಮದುವೆ ಕಂಡರೆ ಕೆಡುಕು, ಸಾವು ಕಂಡರೆ ಆಯಸ್ಸು ಗಟ್ಟಿ. ಹಾವು ಕಂಡರೆ ನಾಗಪ್ಪನಿಗೆ ತನಿ ಎರೆಯಬೇಕು. ಬೆಳಗಿನ ಜಾವದ ಕನಸಾದರೆ ನಿಜವಾಗುತ್ತೆ. ತೀರಾ ಕೆಟ್ಟದ್ದು ಕಂಡಿದ್ದರೆ ಗಜೇಂದ್ರ ಮೋಕ್ಷ ಓದು ಅನ್ನುವ ಮನೆಗಳೂ ಇವೆ. ಆ ಕಥೆ ನೆನೆದರೆ ಕೆಟ್ಟ ಕನಸಿನ ದೋಷ ಕಳೆಯುತ್ತೆ ಅಂತ ಭಾಗವತದಲ್ಲೇ ಇದೆ.

ಈ ಮಾತುಗಳನ್ನು ಮೂಢನಂಬಿಕೆ ಅಂತ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಹೆದರಿ ಎದ್ದವರನ್ನು ಕೂರಿಸಿ, ಏನು ಕಂಡೆ ಅಂತ ಕೇಳುವ ಒಂದು ಜೀವ ಮನೆಯಲ್ಲಿದೆಯಲ್ಲ, ಅದೇ ದೊಡ್ಡದು. ಆದರೆ ಫಲ ಅನ್ನುವುದು ಯಾವಾಗಲೂ ನಾಳೆಯ ಮಾತು. ನಾಳೆ ಯಾರಿಗೆ ಏನಾಗುತ್ತೆ ಅನ್ನುವ ಲೆಕ್ಕ. ನನ್ನ ಅನುಭವದಲ್ಲಿ ಕನಸು ಹೇಳುವುದು ಇವತ್ತಿನ ಸಂಕಟ. ಹಗಲು ಹೊತ್ತು ನಾವು ಕೇಳಿಸಿಕೊಳ್ಳದೆ ದಾಟಿಸಿಬಿಟ್ಟ ಸಂಕಟ. ಅದನ್ನು ಕೇಳಿಸಿಕೊಂಡರೆ ಮನಸ್ಸು ನಿಧಾನಕ್ಕೆ ವಾಸಿಯಾಗುತ್ತೆ ಅಂತ ನಾನು ನಂಬಿದ್ದೇನೆ. ಅದನ್ನೇ ಇಲ್ಲಿ ಹೇಳಬೇಕು ಅನಿಸಿದೆ.

ಅಪ್ಪ ತೀರಿಕೊಂಡ ವರ್ಷ ಒಂದೇ ಕನಸು ಮತ್ತೆ ಮತ್ತೆ ಬೀಳುತ್ತಿತ್ತು. ನಾಲೆ ಪಕ್ಕದ ನಮ್ಮ ಗದ್ದೆ. ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಅಪ್ಪ ಪಂಚೆ ಎತ್ತಿ ಕಟ್ಟಿಕೊಂಡು ನೀರು ಕಟ್ಟುತ್ತಿದ್ದಾರೆ. ಗುದ್ದಲಿಯಿಂದ ಬದು ಒಡೆಯುತ್ತಾರೆ, ಮಣ್ಣು ಎಳೆದು ಮುಚ್ಚುತ್ತಾರೆ, ಮತ್ತೆ ಒಡೆಯುತ್ತಾರೆ. ನಾನು ಬದುವಿನ ಮೇಲೆ ನಿಂತಿದ್ದೇನೆ. ಅಪ್ಪ ಒಂದು ಸಲವೂ ತಿರುಗಿ ನೋಡುವುದಿಲ್ಲ. ಅಪ್ಪಾ ಅಂತ ಕೂಗಬೇಕು, ಗಂಟಲು ಬಿಡುವುದಿಲ್ಲ. ಅಲ್ಲಿಗೆ ಎಚ್ಚರ. ಎದೆ ಮೇಲೆ ಯಾರೋ ಕೂತ ಹಾಗೆ. ಆಮೇಲೆ ಇಡೀ ದಿನ ಯಾವ ಕೆಲಸಕ್ಕೂ ಕೈ ಓಡುತ್ತಿರಲಿಲ್ಲ.

ದೊಡ್ಡವ್ವನ ಹತ್ತಿರ ಹೇಳಿದೆ. "ನಿಮ್ಮಪ್ಪಂಗೆ ಏನೋ ಆಸೆ ಉಳ್ಕಂಡದೆ ಕಣವ್ವ. ಪಕ್ಷಕ್ಕೆ ಚೆನ್ನಾಗಿ ಎಡೆ ಇಕ್ಕು, ಸರೋಯ್ತದೆ" ಅಂದರು. ಇಟ್ಟೆವು. ಮುದ್ದೆ, ಬಾಡಿನ ಸಾರು, ಎಲೆ ಅಡಿಕೆ, ಹೊಸ ಪಂಚೆ, ಟವೆಲ್ಲು. ಧೂಪ ಹಾಕುವಾಗ ಮನೆಮಂದಿಯೆಲ್ಲ ಒಟ್ಟಿಗೆ ಅತ್ತೆವು. ಆಸ್ಪತ್ರೆ, ಮಣ್ಣು, ತಿಥಿ ಅಂತ ಓಡಾಡಿದ ಗಲಾಟೆಯಲ್ಲಿ ಹಾಗೆ ಕೂತು ಅತ್ತಿರಲೇ ಇಲ್ಲ. ಆ ದಿನ ನನಗೆ ನಿಜಕ್ಕೂ ಒಳ್ಳೆಯದಾಯಿತು. ಕನಸು ಮಾತ್ರ ನಿಲ್ಲಲಿಲ್ಲ.

ಆಗ ನಿದ್ದೆಯ ಬಗ್ಗೆ ಓದಲು ಶುರು ಮಾಡಿದೆ. 1953ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್, ಮಲಗಿದವರ ಕಣ್ಣುಗುಡ್ಡೆಗಳು ರೆಪ್ಪೆಯ ಕೆಳಗೆ ಆಗಾಗ ಜೋರಾಗಿ ಓಡಾಡುವುದನ್ನು ಗುರುತಿಸಿದರು. ಆ ಹೊತ್ತಲ್ಲಿ ಎಬ್ಬಿಸಿ ಕೇಳಿದರೆ ಜಾಸ್ತಿ ಜನ ಕನಸು ಹೇಳುತ್ತಿದ್ದರು. ಅದಕ್ಕೆ ರೆಮ್ (ರ್‍ಯಾಪಿಡ್ ಐ ಮೂವ್‌ಮೆಂಟ್, ಅಂದರೆ ಕಣ್ಣಿನ ಬಿರುಸಿನ ಓಡಾಟ) ನಿದ್ದೆ ಅಂತ ಹೆಸರು ಬಂತು. ರಾತ್ರಿಯ ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ನಡೆಯುತ್ತೆ. ಮೊದಲ ಸುತ್ತಿನಲ್ಲಿ ರೆಮ್ ಕೆಲವೇ ನಿಮಿಷ. ಬೆಳಗು ಹತ್ತಿರವಾದಂತೆ ಅದರ ಪಾಲು ಉದ್ದವಾಗುತ್ತಾ ಹೋಗುತ್ತೆ. ಬೆಳಗಿನ ಜಾವದ ಕನಸಿಗೆ ನಮ್ಮ ಹಿರಿಯರು ಅಷ್ಟು ತೂಕ ಕೊಟ್ಟಿದ್ದು ಸುಮ್ನೆ ಅಲ್ಲ. ಉದ್ದದ, ಬಣ್ಣದ, ಕಥೆಯಂಥ ಕನಸುಗಳು ಬೀಳುವುದೂ ಆಗಲೇ, ಎದ್ದ ಮೇಲೆ ನೆನಪಿರುವುದೂ ಅವೇ. ಡೇರಿಗೆ ಹಾಲು ಹಾಕಲು ನಾಲ್ಕು ಗಂಟೆಗೇ ಏಳುವವರಿಗೆ, ರಾತ್ರಿ ಪಾಳಿ ಮುಗಿಸಿ ಬರುವವರಿಗೆ ಕಡಿಮೆಯಾಗುವುದು ಈ ಪಾಲೇ.

ರೆಮ್ ನಿದ್ದೆಯಲ್ಲಿ ಕೈಕಾಲಿನ ಸ್ನಾಯುಗಳು ಸಡಿಲವಾಗಿ ಬಿದ್ದಿರುತ್ತವೆ. ಕಂಡ ಕನಸಿನಂತೆ ನಾವು ಎದ್ದು ಓಡದಿರಲಿ ಅಂತ ಮಿದುಳೇ ಮಾಡಿಕೊಂಡ ಏರ್ಪಾಡು. ನನ್ನ ಗಂಟಲು ಯಾಕೆ ಬಿಡಲಿಲ್ಲ ಅನ್ನುವುದಕ್ಕೆ ಬಹುಶಃ ಉತ್ತರ ಇಲ್ಲಿದೆ. ಆದರೆ ಗಂಟಲು ಬಿಟ್ಟಿದ್ದರೆ ನಾನು ಅಪ್ಪನಿಗೆ ಏನು ಹೇಳುತ್ತಿದ್ದೆ ಅನ್ನುವುದಕ್ಕೆ ಉತ್ತರ ಅಲ್ಲಿಲ್ಲ.

ಇನ್ನೊಂದು ವಿಷಯ ನನ್ನನ್ನು ತುಂಬ ಸಮಾಧಾನಪಡಿಸಿತು. ಎಚ್ಚರದಲ್ಲಿ ಗಾಬರಿ ಹುಟ್ಟಿಸಲು ಕೈ ಜೋಡಿಸುವ ನಾರ್‌ಅಡ್ರಿನಲಿನ್ ಅನ್ನುವ ರಾಸಾಯನಿಕ ರೆಮ್ ನಿದ್ದೆಯಲ್ಲಿ ಮಿದುಳಿನೊಳಗೆ ತೀರಾ ಇಳಿದಿರುತ್ತದೆ. ನೋವಿನ ನೆನಪನ್ನು ಗಾಬರಿ ಇಲ್ಲದೆ ಮತ್ತೊಮ್ಮೆ ತಿರುವಿ ನೋಡಲು ಇದು ಅನುಕೂಲ ಅಂತ ಕೆಲವು ಸಂಶೋಧಕರ ವಾದ. ರೊಸಾಲಿಂಡ್ ಕಾರ್ಟ್‌ರೈಟ್ ಅನ್ನುವ ಅಮೆರಿಕದ ವಿಜ್ಞಾನಿ ವಿಚ್ಛೇದನದ ನೋವಿನಲ್ಲಿ ಕುಗ್ಗಿದ್ದವರ ಕನಸುಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಕೈಬಿಟ್ಟುಹೋದ ಸಂಗಾತಿಯನ್ನೇ ಕನಸಲ್ಲಿ ಕಂಡು, ಅದರಲ್ಲಿ ಮನಸ್ಸು ಬಿಚ್ಚಿ ಅನುಭವಿಸಿದವರು ಮುಂದೆ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು ಅಂತ ಅವರಿಗೆ ಕಂಡಿತು. ಅಂದರೆ ಅಪ್ಪ ಮತ್ತೆ ಮತ್ತೆ ಬರುತ್ತಿದ್ದುದು ನಾನು ಹಾಳಾಗುತ್ತಿದ್ದೇನೆ ಅನ್ನುವುದಕ್ಕೆ ಗುರುತಲ್ಲ. ಒಳಗೆ ಏನೋ ಕೆಲಸ ನಡೆದಿದೆ ಅನ್ನುವುದಕ್ಕೆ ಗುರುತು.

ಕನಸು ಬರೆದಿಡಬೇಕು ಅಂತ ಮನಸ್ಸಿಗೆ ಹೊಳೆದದ್ದು ಶ್ರೀರಂಗಪಟ್ಟಣದ ಕಾರಣಕ್ಕೆ. 1799ರ ಮೇ 4ರಂದು ಟಿಪ್ಪು ಸುಲ್ತಾನ ಅಲ್ಲಿ ಸತ್ತ ಮೇಲೆ, ಅರಮನೆಯಲ್ಲಿ ಬ್ರಿಟಿಷರ ಕಡೆಯ ಕರ್ನಲ್ ಕಿರ್ಕ್‌ಪ್ಯಾಟ್ರಿಕ್‌ಗೆ ಒಂದು ಪುಟ್ಟ ಪುಸ್ತಕ ಸಿಕ್ಕಿತು. ಟಿಪ್ಪು ತನ್ನ ಕೈಬರಹದಲ್ಲೇ ಪಾರ್ಸಿಯಲ್ಲಿ ಬರೆದಿಟ್ಟಿದ್ದ 37 ಕನಸುಗಳು. ಅದನ್ನು ಯಾರ ಕಣ್ಣಿಗೂ ಬೀಳದಂತೆ ಇಟ್ಟುಕೊಂಡಿದ್ದನಂತೆ. ಈಗ ಅದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಒಂದು ಕನಸಿನಲ್ಲಿ ಮೂರು ಬೆಳ್ಳಿ ತಟ್ಟೆ ತುಂಬ ತಾಜಾ ಖರ್ಜೂರ ಬರುತ್ತೆ. ಮೂವರು ಶತ್ರುಗಳ ರಾಜ್ಯ ತನ್ನ ಕೈ ಸೇರುತ್ತೆ ಅಂತ ಅದಕ್ಕೆ ಅರ್ಥ ಬರೆದುಕೊಂಡಿದ್ದಾನೆ. ಇನ್ನೊಂದರಲ್ಲಿ ಹಿಂಭಾಗ ಶಿಥಿಲವಾದ ಒಂದು ದೊಡ್ಡ ದೇವಸ್ಥಾನ. ಒಳಗಿನ ವಿಗ್ರಹಗಳ ಕಣ್ಣು ಮನುಷ್ಯರ ಕಣ್ಣಿನ ಹಾಗೆ ಆಡುತ್ತಿವೆ. ಅದರಲ್ಲಿ ಎರಡು ಹೆಣ್ಣು ವಿಗ್ರಹಗಳು ಮಾತಾಡಿ, ತಾವು ಬಹಳ ಕಾಲದಿಂದ ದೇವರ ಪ್ರಾರ್ಥನೆಯಲ್ಲಿದ್ದೇವೆ ಅನ್ನುತ್ತವೆ. ಅವನು ಒಳ್ಳೆಯದು ಅಂದು, ಕಟ್ಟಡ ದುರಸ್ತಿ ಮಾಡಿಸಿ ಅಂತ ತನ್ನವರಿಗೆ ಹೇಳುತ್ತಾನೆ.

ಟಿಪ್ಪು ಬಗ್ಗೆ ನಮ್ಮ ಜಿಲ್ಲೆಯಲ್ಲಿ ಜಗಳ ಇವತ್ತಿಗೂ ಮುಗಿದಿಲ್ಲ. ನಾನು ಆ ಜಗಳಕ್ಕೆ ಹೋಗುವುದಿಲ್ಲ. ನನಗೆ ಕಾಡುವುದು ಬೇರೆ. ಸುತ್ತ ಯುದ್ಧ, ಒಳಗೆ ಯಾರನ್ನು ನಂಬಬೇಕೋ ಗೊತ್ತಿಲ್ಲ. ಅಂಥವನು ನಿದ್ದೆಯಿಂದೆದ್ದು ತಾನು ಕಂಡದ್ದನ್ನು ಬರೆದಿಡುತ್ತಾನೆ. ಹೊರಗೆ ಯಾರ ಹತ್ತಿರವೂ ಬಿಚ್ಚಲಾಗದ ಮನಸ್ಸು ಅಲ್ಲಿ ಬಿಚ್ಚುತ್ತೆ. ಖರ್ಜೂರದ ಕನಸಿನಲ್ಲಿ ರಾಜ ಇದ್ದಾನೆ. ದೇವಸ್ಥಾನದ ಕನಸಿನಲ್ಲಿ ಯುದ್ಧವೂ ಇಲ್ಲ, ಶತ್ರುವೂ ಇಲ್ಲ, ಬಿದ್ದದ್ದನ್ನು ಕಟ್ಟಬೇಕು ಅನ್ನುವ ಒಬ್ಬ ಮನುಷ್ಯ ಇದ್ದಾನೆ. ಗೆಲುವು ಸೋಲಿನ ಲೆಕ್ಕದಲ್ಲಿ ಓದಿದರೆ ಈ ಎರಡನೆಯವನು ಕಣ್ಣಿಗೆ ಬೀಳುವುದೇ ಇಲ್ಲ, ಅಲ್ವಾ?

ಹಾಗಾಗಿ ನಾನೂ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಹೇಗೆ ಬರೆಯುತ್ತೇನೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ತುಂಬ ಜನ "ನನಗೆ ಕನಸೇ ನೆನಪಿರಲ್ಲ" ಅನ್ನುತ್ತಾರೆ. ಎಚ್ಚರವಾದ ಕೂಡಲೇ ಮಗ್ಗುಲು ಬದಲಿಸಬಾರದು. ಫೋನಂತೂ ಮುಟ್ಟಲೇಬಾರದು. ಮಲಗಿದ್ದ ಹಾಗೇ ಕಣ್ಣು ಮುಚ್ಚಿಕೊಂಡು, ಕೊನೆಗೆ ಕಂಡದ್ದು ಏನು ಅಂತ ಕೇಳಿಕೊಳ್ಳುತ್ತೇನೆ. ಬಾಲ ಸಿಕ್ಕರೆ ಅದನ್ನು ಹಿಡಿದು ಹಿಂದಕ್ಕೆ ಹೋಗಬಹುದು. ಏನೂ ಸಿಗದಿದ್ದರೆ ಮೈಯಲ್ಲಿ ಉಳಿದ ಭಾವ ಬರೆಯುತ್ತೇನೆ. "ಏನೋ ಕಳೆದುಕೊಂಡ ಹಾಗೆ" ಅಂತ ಒಂದೇ ಸಾಲು ಬರೆದ ಬೆಳಗುಗಳು ಬೇಕಾದಷ್ಟಿವೆ. ಈಗ ನಡೆಯುತ್ತಿದೆ ಅನ್ನುವ ಹಾಗೆ ಬರೆಯುತ್ತೇನೆ: ಅಪ್ಪ ಬದು ಒಡೆಯುತ್ತಿದ್ದಾರೆ, ನೀರು ತಣ್ಣಗಿದೆ. ಆಮೇಲೆ ಅದರಲ್ಲಿ ತೀರಾ ಚಿಕ್ಕದಾಗಿ, ಮುಖ್ಯವಲ್ಲ ಅನ್ನಿಸಿದ ಒಂದು ವಸ್ತುವಿನ ಹೆಸರು ಕೆಳಗೆ ಬರೆಯುತ್ತೇನೆ. ಅರ್ಥ ಬರೆಯುವುದಿಲ್ಲ. ಅರ್ಥಕ್ಕೆ ಅವಸರ ಮಾಡಿದರೆ ಕನಸು ಬಾಯಿ ಮುಚ್ಚಿಕೊಳ್ಳುತ್ತೆ.

ಬರೆದದ್ದನ್ನು ಒಬ್ಬರಿಗಾದರೂ ಹೇಳಬೇಕು. ನನಗೆ ಮೈಸೂರಿನಲ್ಲಿ ಒಬ್ಬ ಗೆಳತಿ ಇದ್ದಾಳೆ, ಆಪ್ತಸಮಾಲೋಚಕಿ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆದು, ಒಂದು ಬೆಂಚಿನ ಮೇಲೆ ಕೂತು, ಒಬ್ಬರ ಕನಸು ಇನ್ನೊಬ್ಬರು ಕೇಳುತ್ತೇವೆ. ಅವಳು ಕಲಿಸಿದ ಒಂದು ಕ್ರಮ ಇದೆ. ಮಾಂಟೆಗ್ಯೂ ಉಲ್‌ಮನ್ ಅನ್ನುವ ಮನೋವೈದ್ಯರು ರೂಢಿಗೆ ತಂದದ್ದು. ಕೇಳುವವರು "ನಿನ್ನ ಕನಸಿನ ಅರ್ಥ ಇದು" ಅನ್ನುವ ಹಾಗಿಲ್ಲ. "ಇದು ನನ್ನ ಕನಸಾಗಿದ್ದರೆ" ಅಂತಲೇ ಶುರು ಮಾಡಬೇಕು. ಕನಸು ಯಾರದೋ ಕೊನೆ ಮಾತೂ ಅವರದೇ. ಈ ಒಂದು ಮರ್ಯಾದೆಯಿಂದ ಎಷ್ಟು ವ್ಯತ್ಯಾಸ ಆಗುತ್ತೆ ಅನ್ನುವುದು ಕೂತು ನೋಡಿದವರಿಗೇ ಗೊತ್ತು.

ಅಪ್ಪನ ಕನಸು ಹೇಳಿದ ದಿನ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಇದು ನನ್ನ ಕನಸಾಗಿದ್ರೆ ಕಣೆ, ನಾನು ಅಪ್ಪನ ಮುಖ ನೋಡೋಕೆ ಒದ್ದಾಡ್ತಿರಲಿಲ್ಲ. ಅವರ ಕೈ ನೋಡ್ತಿದ್ದೆ. ಕೈಯಲ್ಲಿ ಏನಿತ್ತು ಅಂದೆ?"

ಗುದ್ದಲಿ. ನೋಟ್‌ಬುಕ್ಕಿನಲ್ಲೂ ಅದೇ ಬರೆದಿದ್ದೆ, ಚಿಕ್ಕ ವಸ್ತು ಅಂತ. ಕನಸಿನ ಗುದ್ದಲಿಗೆ ಹೊಸ ಕಾವು ಇತ್ತು, ಬೆಳ್ಳಗೆ ಹೊಳೆಯುತ್ತಿತ್ತು. ನಿಜವಾದ ಗುದ್ದಲಿಯ ಕಾವು ಮುರಿದಿತ್ತು. ಅಪ್ಪ ಕಾಯಿಲೆ ಬೀಳುವ ಮುಂಚೆ "ಆಚಾರಿ ಹತ್ರ ಕೊಟ್ಟು ಕಾವು ಹಾಕಿಸ್ಬೇಕು" ಅಂತ ಹೇಳುತ್ತಲೇ ಇದ್ದರು. ಅದು ಕೊಟ್ಟಿಗೆ ಮೂಲೆಯಲ್ಲಿ ಗೋಣಿಚೀಲದ ಕೆಳಗೆ ಹಾಗೇ ಬಿದ್ದಿತ್ತು. ಗದ್ದೆಯನ್ನು ಗುತ್ತಿಗೆಗೆ ಕೊಟ್ಟಿದ್ದೆವು. ಮನೆಯಲ್ಲಿ ಎಲ್ಲರೂ ಕೂತು ಮಾತಾಡಿ ತೆಗೆದುಕೊಂಡ ತೀರ್ಮಾನ ಅದು, ಬೇರೆ ದಾರಿಯೂ ಇರಲಿಲ್ಲ. ಆದರೆ ಅಪ್ಪನಿಗೆ ಹೇಳಿರಲಿಲ್ಲ. ಸತ್ತವರಿಗೆ ಹೇಳುವುದು ಹೇಗೆ? ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಅದು. ಆ ಬೆಂಚಿನ ಮೇಲೆ ಅದು ಜೋರಾಗಿಯೇ ಹೊರಗೆ ಬಂತು.

ಮೇಲುಕೋಟೆಯ ಐತಿಹ್ಯ ನಿಮಗೆ ಗೊತ್ತಿರುತ್ತೆ. ತೊಣ್ಣೂರಿನಲ್ಲಿದ್ದ ರಾಮಾನುಜರಿಗೆ ಹಣೆಗಿಡುವ ತಿರುಮಣ್ಣು ತೀರಿಹೋಯಿತಂತೆ. ಕನಸಿನಲ್ಲಿ ನಾರಾಯಣ ಬಂದು, ಯಾದವಗಿರಿಗೆ ಬಾ, ಅಲ್ಲಿ ಮಣ್ಣೂ ಇದೆ, ಹುತ್ತದಲ್ಲಿ ನಾನೂ ಇದ್ದೇನೆ ಅಂದನಂತೆ. ಬೆಟ್ಟ ಹತ್ತಿದಾಗೆಲ್ಲ ನನಗೆ ಹೊಳೆಯುವುದು ಒಂದೇ: ರಾಮಾನುಜರು ಎದ್ದು ನಡೆದರು. ಬೇಕಾಗಿದ್ದದ್ದು ಒಂದು ಹಿಡಿ ಬಿಳಿ ಮಣ್ಣು, ಹೊರಟದ್ದು ಅದಕ್ಕೆ, ಸಿಕ್ಕಿದ್ದು ಚೆಲುವನಾರಾಯಣ. ಕನಸು ಕೇಳಿದ ಚಿಕ್ಕ ಕೆಲಸವನ್ನು ಹಗಲಲ್ಲಿ ಮಾಡಬೇಕು. ನಾನು ಗುದ್ದಲಿ ತೆಗೆದು, ತುಕ್ಕು ಉಜ್ಜಿ, ಆಚಾರಿ ಹತ್ತಿರ ಒಯ್ದೆ. ಜಾಲಿ ಮರದ ಕಾವು ಕೆತ್ತಿ ಕೊಟ್ಟರು. ಅದನ್ನು ಹೆಗಲ ಮೇಲೆ ಇಟ್ಟುಕೊಂಡು ಗದ್ದೆಗೆ ಹೋಗಿ, ಗುತ್ತಿಗೆ ಮಾಡುತ್ತಿರುವ ಅಣ್ಣನ ಕೈಗೆ ಕೊಟ್ಟೆ. ಅಲ್ಲೇ ಬದುವಿನ ಮೇಲೆ ನಿಂತು ಅಪ್ಪನಿಗೆ ಗದ್ದೆಯ ವಿಷಯ ಎಲ್ಲ ಹೇಳಿದೆ, ಬಾಯಿ ಬಿಟ್ಟು.

ರಾತ್ರಿ ಹೊತ್ತು ಇನ್ನೊಂದು ಅಭ್ಯಾಸವನ್ನೂ ಮಾಡುತ್ತಿದ್ದೆ. ಕಾಡುವ ಕನಸನ್ನು ಬರೆದು, ನಮಗೆ ಬೇಕಾದ ಹಾಗೆ ಅದನ್ನು ಬದಲಿಸಿ, ಬದಲಾದ ಕನಸನ್ನು ದಿನಾ ಹತ್ತಿಪ್ಪತ್ತು ನಿಮಿಷ ಕಣ್ಣ ಮುಂದೆ ತಂದುಕೊಳ್ಳುವುದು. ಅಮೆರಿಕದ ವೈದ್ಯ ಬ್ಯಾರಿ ಕ್ರಾಕೋವ್ ಮತ್ತು ಅವರ ಜೊತೆಗಾರರು ಹಿಂಸೆಗೆ ಒಳಗಾದ ಹೆಂಗಸರ ದುಃಸ್ವಪ್ನಗಳಿಗೆ ಇದನ್ನು ಪ್ರಯೋಗಿಸಿ, ಕನಸುಗಳು ಕಡಿಮೆಯಾಗುವುದನ್ನು 2001ರಲ್ಲಿ ತೋರಿಸಿದ್ದರು. ನನ್ನ ಬದಲಾವಣೆ ಚಿಕ್ಕದು. ನಾನು ಬದುವಿನಿಂದ ಇಳಿದು ನೀರಿಗೆ ಕಾಲಿಡುತ್ತೇನೆ, ಅಷ್ಟೇ. ಕೆಲವು ವಾರ ಕಳೆದ ಮೇಲೆ ಕನಸಿನಲ್ಲಿ ನಿಜಕ್ಕೂ ಕಾಲಿಟ್ಟೆ. ಕೆಸರು ಬೆರಳ ಸಂದಿಯಲ್ಲಿ ನುಗ್ಗಿತು. ಅಪ್ಪ ತಲೆ ಎತ್ತಿ, "ಊಟ ತಂದ್ಯಾ ಮಗಾ?" ಅಂದರು. ಎದ್ದು ಎಷ್ಟೋ ಹೊತ್ತು ಅತ್ತೆ. ಆ ಅಳುವಿನಲ್ಲಿ ಭಾರ ಇರಲಿಲ್ಲ.

ಇಲ್ಲಿಗೆ ಇದು ದುಃಖ ವಾಸಿಯಾದ ಕಥೆ. ಆದರೆ ನೋಟ್‌ಬುಕ್ ಬರೆಯುತ್ತಾ ಬರೆಯುತ್ತಾ ಬೇರೆ ಒಂದು ಪ್ರಶ್ನೆ ಎದ್ದಿತು. ಇವನ್ನೆಲ್ಲ ನೋಡುತ್ತಿರುವವರು ಯಾರು? ಈ ಪ್ರಶ್ನೆಗೂ ಮೈಸೂರಿಗೂ ಹಳೇ ನಂಟು. ಮಾಂಡೂಕ್ಯ ಉಪನಿಷತ್ತಿನಲ್ಲಿ ಇರುವುದು ಬರೀ 12 ಮಂತ್ರ. ಎಚ್ಚರ, ಕನಸು, ಗಾಢ ನಿದ್ದೆ, ಈ ಮೂರನ್ನೂ ಬೆಳಗುವ ನಾಲ್ಕನೆಯದು ತುರೀಯ. ಇದಕ್ಕೆ ಸ್ವಾಮಿ ನಿಖಿಲಾನಂದರು ಮಾಡಿದ ಇಂಗ್ಲಿಷ್ ಅನುವಾದ 1930ರ ದಶಕದಲ್ಲಿ ಮೈಸೂರಿನ ಶ್ರೀರಾಮಕೃಷ್ಣ ಆಶ್ರಮದಿಂದಲೇ ಹೊರಬಂತು. ಮುನ್ನುಡಿ ಬರೆದವರು ವಿ. ಸುಬ್ರಹ್ಮಣ್ಯ ಅಯ್ಯರ್, ನಾಲ್ವಡಿ ಕೃಷ್ಣರಾಜ ಒಡೆಯರಿಗೆ ತತ್ವಶಾಸ್ತ್ರ ಹೇಳಿಕೊಟ್ಟವರು. ಕನಸನ್ನು ಬಿಟ್ಟು ಬರೀ ಎಚ್ಚರವನ್ನು ನೋಡಿ ಸತ್ಯ ಹೇಳಲಾಗದು ಅನ್ನುವುದು ಈ ವಿಚಾರದ ಬುಡ. ಶಂಕರರ ಭಾಷ್ಯದಲ್ಲಿ ಒಂದು ಉದಾಹರಣೆ ಬರುತ್ತೆ. ಹೊಟ್ಟೆ ತುಂಬ ಉಂಡು ಮಲಗಿದವನು ಕನಸಿನಲ್ಲಿ ಹಸಿವಿನಿಂದ ನರಳುತ್ತಾನೆ. ಕನಸಿನಲ್ಲಿ ಉಂಡವನು ಹಸಿದು ಏಳುತ್ತಾನೆ. ಯಾವ ಊಟ ನಿಜ ಅನ್ನುವುದು ನೀವು ಎಲ್ಲಿ ನಿಂತು ಕೇಳುತ್ತೀರಿ ಅನ್ನುವುದರ ಮೇಲಿದೆ.

ಕನಸುಗಳ ಜೊತೆಯೇ ಬದುಕಿದ ಮನೋವಿಜ್ಞಾನಿ ಕಾರ್ಲ್ ಯೂಂಗ್ 1937–38ರ ಚಳಿಗಾಲದಲ್ಲಿ ಭಾರತಕ್ಕೆ ಬಂದಿದ್ದರು. ಇದೇ ಸುಬ್ರಹ್ಮಣ್ಯ ಅಯ್ಯರ್ ಅವರ ಜೊತೆ ಆಳವಾಗಿ ಚರ್ಚಿಸಿದ್ದನ್ನು ತಮ್ಮ ಆತ್ಮಕಥನದಲ್ಲಿ ನೆನೆದಿದ್ದಾರೆ. ಆಮೇಲೆ ಕಲ್ಕತ್ತೆಯಲ್ಲಿ ಭೇದಿಯಾಗಿ ಆಸ್ಪತ್ರೆ ಸೇರಿ, ಹೊರಬಂದ ಮೇಲೆ ಅವರಿಗೆ ಬಿದ್ದ ಕನಸಿನಲ್ಲಿ ಭಾರತವೇ ಇಲ್ಲ. ಯುರೋಪಿನ ಒಂದು ದ್ವೀಪ, ಅಲ್ಲಿಯ ಕೋಟೆ, ತಣ್ಣನೆ ನೀರಿನಲ್ಲಿ ಈಜಿ ಹೋಗಿ ತರಬೇಕಾದ ಒಂದು ಪವಿತ್ರ ಪಾತ್ರೆ. ನಿನ್ನ ಜನಕ್ಕೆ ಬೇಕಾದ ಗುಣಪಡಿಸುವ ಪಾತ್ರೆಯನ್ನು ನಿನ್ನ ನೆಲದಲ್ಲೇ ಹುಡುಕು ಅಂತ ಕನಸು ತಮಗೆ ಹೇಳಿತು ಅಂತ ಅವರು ತಿಳಿದುಕೊಂಡರು. ನನಗೂ ಹಾಗೇ ಅನಿಸುತ್ತೆ. ಬೈಲಕುಪ್ಪೆಯ ಟಿಬೆಟಿಯನ್ನರ ಪರಂಪರೆಯಲ್ಲಿ ಕನಸಿನೊಳಗೇ ಎಚ್ಚರವಾಗಿರುವ ಯೋಗ ಇದೆ, ಪತಂಜಲಿ ಕೂಡ ಕನಸಿನ, ನಿದ್ದೆಯ ಅರಿವನ್ನು ಹಿಡಿದು ಚಿತ್ತ ನಿಲ್ಲಿಸಬಹುದು ಅಂದಿದ್ದಾರೆ. ಎಲ್ಲದರ ಮೇಲೂ ಗೌರವ ಇದೆ. ಆದರೆ ನನ್ನ ನೆಲ ಅಕ್ಕಮಹಾದೇವಿ. ಅಕ್ಕ ಕಂಡ ಕನಸಿನಲ್ಲಿ ಇರುವುದು ಅಕ್ಕಿ, ಅಡಕೆ, ಓಲೆ, ತೆಂಗಿನಕಾಯಿ. ಚಿಕ್ಕ ಚಿಕ್ಕ ಜಡೆಯ ಗೊರವ ಭಿಕ್ಷೆಗೆ ಬರುತ್ತಾನೆ. ಮೀರಿ ಹೋಗುವವನ ಬೆನ್ನು ಹತ್ತಿ ಕೈ ಹಿಡಿಯುತ್ತಾಳೆ. ಚೆನ್ನಮಲ್ಲಿಕಾರ್ಜುನನನ್ನು ಕಂಡು ಕಣ್ಣು ತೆರೆಯುತ್ತಾಳೆ. ದೇವರು ಬರುವುದೂ ಮನೆಯ ಸಾಮಾನಿನ ನಡುವೆಯೇ.

ದಿನಾ ಬರೆಯುವುದರಿಂದ ನನ್ನಲ್ಲಿ ಆದ ಬದಲಾವಣೆ ದೊಡ್ಡ ದರ್ಶನ ಏನಲ್ಲ. ಕೋಪ ಬಂದಾಗ, ಭಯ ಆದಾಗ, ಇದನ್ನೂ ಯಾರೋ ನೋಡುತ್ತಿದ್ದಾರೆ ಅನ್ನುವ ಒಂದು ಅಂತರ ಸಿಕ್ಕಿದೆ. ಗದ್ದೆಯಲ್ಲಿ ನಿಂತವಳೂ ನಾನೇ, ಅವಳನ್ನು ನೋಡಿದವಳೂ ನಾನೇ, ಎದ್ದು ಕಾಫಿ ಕಾಯಿಸಿದವಳೂ ನಾನೇ. ಈ ಮೂವರಲ್ಲಿ ಬದಲಾಗದೆ ಇದ್ದದ್ದು ಯಾವುದು ಅಂತ ಕೇಳಿಕೊಂಡು ಸ್ವಲ್ಪ ಹೊತ್ತು ಕೂರುತ್ತೇನೆ. ನನ್ನ ಧ್ಯಾನ ಈಗ ಇಷ್ಟೇ.

ಒಂದು ಮಾತು ಹೇಳಲೇಬೇಕು. ಎಲ್ಲ ಕನಸನ್ನೂ ಒಬ್ಬರೇ ಕೂತು ಬಿಡಿಸಬೇಕಿಲ್ಲ. ನಡೆದುಹೋದ ಹಿಂಸೆ ಅಥವಾ ಅಪಘಾತ ಹಾಗೆ ಹಾಗೇ ಕನಸಿನಲ್ಲಿ ಮರಳುತ್ತಿದ್ದರೆ, ನಿದ್ದೆಗೇ ಹೆದರುವ ಹಾಗಾಗಿದ್ದರೆ, ದಯವಿಟ್ಟು ಮನೋವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮನೆಯ ಹಿರಿಯರು ನಿದ್ದೆಯಲ್ಲಿ ಕೂಗಿ, ಕೈಕಾಲು ಬಡಿದು, ಪಕ್ಕದಲ್ಲಿದ್ದವರಿಗೆ ಹೊಡೆಯುತ್ತಿದ್ದರೆ ಅದನ್ನು ಗಾಳಿ ಸೋಕಿದೆ ಅಂತ ಬಿಡಬೇಡಿ. ರೆಮ್ ನಿದ್ದೆಯಲ್ಲಿ ಸ್ನಾಯು ಸಡಿಲವಾಗದೆ ಹೋಗುವ ತೊಂದರೆ ಒಂದಿದೆ. ಕೆಲವರಲ್ಲಿ ಅದು ಪಾರ್ಕಿನ್ಸನ್ ಕಾಯಿಲೆಗೆ ವರ್ಷಗಳ ಮುಂಚಿನ ಸೂಚನೆ ಆಗಿರಬಹುದು. ನರರೋಗ ತಜ್ಞರಿಗೆ ತೋರಿಸಿ. ಕನಸಿನ ಫಲ ಹೇಳಿ ಶಾಂತಿ ಮಾಡಿಸಲು ಸಾವಿರಗಟ್ಟಲೆ ಕೇಳುವವರಿಂದ ದೂರ ಇರಿ. ಚರಕ ಸಂಹಿತೆ ಏಳು ಬಗೆಯ ಕನಸು ಹೇಳಿ, ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು ಈ ಐದಕ್ಕೂ ಫಲವೇ ಇಲ್ಲ ಅಂದುಬಿಟ್ಟಿದೆ. ನಮ್ಮ ಕನಸುಗಳಲ್ಲಿ ಬಹುಪಾಲು ಈ ಐದರೊಳಗೇ ಬರುತ್ತವೆ.

ಈ ವಾರ ಹೊಸದೊಂದು ಬಿದ್ದಿದೆ. ಚಾಮುಂಡಿ ಬೆಟ್ಟದ ಮೆಟ್ಟಿಲು. ತುಂಬಿದ ಹಾಲಿನ ಕ್ಯಾನು ಹಿಡಿದು ಹತ್ತುತ್ತಿದ್ದೇನೆ. ಹಿಂದೆ ಯಾರೋ ಹಾಡುತ್ತಾ ಬರುತ್ತಿದ್ದಾರೆ. ದೊಡ್ಡವ್ವ ಕೇಳಿ, "ಹಾಲು ಒಳ್ಳೇದು ಕಣವ್ವ. ಚೆಲ್ಲಿಲ್ಲ ತಾನೆ?" ಅಂದರು. ಚೆಲ್ಲಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಚಿಕ್ಕ ವಸ್ತು ಅಂತ ಕ್ಯಾನಿನ ಮುಚ್ಚಳ ಬರೆದುಕೊಂಡಿದ್ದೇನೆ. ಭಾನುವಾರ ಕೆರೆ ಹತ್ತಿರ ಸಿಗುತ್ತೇವೆ. ಅಷ್ಟು ಹಾಲು ಯಾರಿಗೆ ಒಯ್ಯುತ್ತಿದ್ದೆ ಅನ್ನುವುದರಿಂದ ಶುರು ಮಾಡೋಣ ಅಂದಿದ್ದಾಳೆ ಗೆಳತಿ.